ಮಾತ್ರೆ ಬರೆಯುವವರು ಇದ್ದಾರೆ, ನಿಲ್ಲಿಸುವವರು ಬೇಕು

ಶುಗರ್‌ಗೆ ಒಬ್ಬರು, ಹಾರ್ಟ್‌ಗೆ ಒಬ್ಬರು, ಕಿಡ್ನಿಗೆ ಒಬ್ಬರು, ಮಂಡಿ ನೋವಿಗೆ ಇನ್ನೊಬ್ಬರು. ಎಲ್ಲರೂ ತಮ್ಮ ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಾರೆ. ಆದರೆ ನಾಲ್ಕೂ ಚೀಟಿ ಒಟ್ಟಿಗೆ ಹರಡಿಕೊಂಡು, "ಇದರಲ್ಲಿ ಯಾವುದು ಬೇಡ?" ಅಂತ ನೋಡುವ ಕೆಲಸ ಯಾರದು? ಅಮ್ಮನ ಔಷಧಿ ನೋಡಿಕೊಳ್ಳಲು ಶುರು ಮಾಡಿದ ಮೇಲೆ ನನ್ನ ತಲೆ ತಿನ್ನುತ್ತಿರುವುದು ಇದೊಂದೇ ಪ್ರಶ್ನೆ.

ನಮ್ಮೊಬ್ಬರ ಮನೆಯ ಕಥೆ ಅಲ್ಲ ಬಿಡಿ ಇದು. ಸ್ಕಾಟ್ಲೆಂಡಿನ ಸುಮಾರು 17.5 ಲಕ್ಷ ಜನರ ದಾಖಲೆ ನೋಡಿ ಮಾಡಿದ ಅಧ್ಯಯನವೊಂದು 2012ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೂರಕ್ಕೆ 23 ಜನರಿಗೆ ಎರಡು ಅಥವಾ ಅದಕ್ಕಿಂತ ಜಾಸ್ತಿ ದೀರ್ಘಕಾಲದ ಕಾಯಿಲೆಗಳಿದ್ದವು. ಇದು ವಯಸ್ಸಾದವರ ತೊಂದರೆ ಅಂದುಕೊಳ್ಳುತ್ತೇವೆ ಅಲ್ವಾ? ತಲೆ ಎಣಿಸಿದರೆ ಇಂಥವರಲ್ಲಿ 65ರ ಒಳಗಿನವರೇ ಹೆಚ್ಚಿದ್ದರು. ತೀರಾ ಬಡವರಿರುವ ಕಡೆ ಉಳ್ಳವರಿಗಿಂತ 10–15 ವರ್ಷ ಮೊದಲೇ ಇದು ಶುರುವಾಗಿತ್ತು.

ಆದರೂ ಡಾಕ್ಟರುಗಳು ಪಾಲಿಸುವ ಚಿಕಿತ್ಸೆಯ ಮಾರ್ಗಸೂಚಿಗಳೆಲ್ಲ ಹೆಚ್ಚಾಗಿ ಒಂದೊಂದು ಕಾಯಿಲೆಗೆ ಒಂದೊಂದು. 2005ರಲ್ಲಿ ಅಮೆರಿಕದ ಸಂಶೋಧಕರು ಒಂದು ಲೆಕ್ಕ ಹಾಕಿದರು. 79 ವರ್ಷದ ಒಬ್ಬ ಅಜ್ಜಿ ಇದ್ದಾರೆ ಅಂತ ಇಟ್ಟುಕೊಳ್ಳಿ. ಶುಗರ್, ಬಿಪಿ, ಕೀಲು ಸವೆತ, ಮೂಳೆ ಟೊಳ್ಳಾಗುವ ಕಾಯಿಲೆ, ಶ್ವಾಸಕೋಶದ ತೊಂದರೆ. ಐದಕ್ಕೂ ಇರುವ ಮಾರ್ಗಸೂಚಿಗಳನ್ನು ಚಾಚೂ ತಪ್ಪದೆ ಪಾಲಿಸಿದರೆ ಆ ಅಜ್ಜಿಗೆ 12 ಔಷಧಿ. ಜೊತೆಗೆ ಪಥ್ಯ, ವ್ಯಾಯಾಮ, ಪರೀಕ್ಷೆಗಳ ಉದ್ದ ಪಟ್ಟಿ. ಪಾಪ, ಆಕೆ ಬದುಕುವುದು ಯಾವಾಗ?

ಮಾತ್ರೆ ಮಾತ್ರೆಯನ್ನು ಹೆರುತ್ತದೆ ಅನ್ನುವುದನ್ನು ನಾನು ಅಮ್ಮನ ಕಾಲಲ್ಲಿ ನೋಡಿದೆ. ಬಿಪಿಗೆ ಆಮ್ಲೋಡಿಪಿನ್ ಡೋಸ್ ಜಾಸ್ತಿ ಮಾಡಿದ್ದರು. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತಿತ್ತು, ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಇದು ಆ ಮಾತ್ರೆಯ ಗೊತ್ತಿರುವ ಅಡ್ಡ ಪರಿಣಾಮ. ಆದರೆ ಊತ ನೋಡಿದ ಇನ್ನೊಬ್ಬ ಡಾಕ್ಟರ್ ನೀರು ಇಳಿಸುವ ಮಾತ್ರೆ ಬರೆದರು. ಈಗ ಅಮ್ಮ ರಾತ್ರಿ ಪದೇ ಪದೇ ಎದ್ದು ಬಾತ್‌ರೂಮಿಗೆ ಹೋಗಬೇಕು, ಎದ್ದ ತಕ್ಷಣ ತಲೆ ಸುತ್ತು. ತಲೆ ಸುತ್ತಿಗೂ ಒಂದು ಮಾತ್ರೆ ಬರುವುದರಲ್ಲಿತ್ತು. ಅಷ್ಟರಲ್ಲಿ ಹತ್ತಿರದ ಒಬ್ಬ ಹಿರಿಯ ಜನರಲ್ ಡಾಕ್ಟರ್ ಎಲ್ಲ ಚೀಟಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿದರು. "ಊತ ಯಾವಾಗ ಶುರುವಾಯಿತು?" ಅಂತ ಕೇಳಿದರು. ಅಷ್ಟೇ. ಬಿಪಿ ಮಾತ್ರೆ ಬದಲಾಯಿತು, ನೀರು ಇಳಿಸುವ ಮಾತ್ರೆ ಹೋಯಿತು, ಕಾಲೂ ಇಳಿಯಿತು.

ಆ ಸರಪಳಿ ಅಲ್ಲಿಗೇ ನಿಲ್ಲಬೇಕೆಂದೇನೂ ಇರಲಿಲ್ಲ. ನೀರು ಇಳಿಸುವ ಮಾತ್ರೆಯಿಂದ ಯೂರಿಕ್ ಆಸಿಡ್ ಏರಬಹುದು, ಕಾಲಿನ ಹೆಬ್ಬೆರಳು ಕೆಂಪಾಗಿ ಊದಬಹುದು. ಅದಕ್ಕೆ ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆಗಳು ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಕೆಲವು ಬಿಪಿ ಮಾತ್ರೆ ಮತ್ತು ನೀರು ಇಳಿಸುವ ಮಾತ್ರೆಯ ಜೊತೆ ಇವು ಸೇರಿದರಂತೂ ಕಿಡ್ನಿ ದಿಢೀರ್ ಕೈಕೊಡಬಹುದು. ಮೂರನ್ನೂ ಬರೆದವರು ಬೇರೆ ಬೇರೆ. ನೋವಿನ ಮಾತ್ರೆಯನ್ನು ಎಷ್ಟೋ ಸಲ ಯಾರೂ ಬರೆದೇ ಇರುವುದಿಲ್ಲ, ನಾವೇ ಅಂಗಡಿಯಿಂದ ತಂದು ನುಂಗಿರುತ್ತೇವೆ.

ಹಾಗಂತ ಇದನ್ನು ಓದಿ ಸುಮ್ನೆ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಹಾರ್ಟ್‌ಗೆ ಕೊಡುವ ಬೀಟಾ ಬ್ಲಾಕರ್, ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್, ಇವನ್ನೆಲ್ಲ ಒಮ್ಮೆಗೇ ಬಿಟ್ಟರೆ ಜೀವಕ್ಕೇ ಅಪಾಯ. ನಿಲ್ಲಿಸುವುದಕ್ಕೂ ವಿದ್ಯೆ ಬೇಕು. ಆ ವಿದ್ಯೆಗೆ ಬೆಲೆ ಕಡಿಮೆ ಅನ್ನುವುದೇ ನನ್ನ ತಕರಾರು. ಹೊಸ ಮಾತ್ರೆ ಬರೆಯದೆ ಕಳಿಸಿದರೆ "ಏನೂ ಕೊಡಲೇ ಇಲ್ಲ" ಅಂತ ಗೊಣಗುವವರು ನಾವೇ ಅಲ್ವಾ?

ಇನ್ನು ರಿಪೋರ್ಟಿನ ಅಂಕಿ. ಎಲ್ಲವೂ ನಾರ್ಮಲ್ ಬರಲೇಬೇಕು ಅನ್ನುವ ಹಟ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಅಧ್ಯಯನದಲ್ಲಿ, ಹೃದಯದ ಅಪಾಯವೂ ಇದ್ದ ಸುಮಾರು 10,000 ಶುಗರ್ ರೋಗಿಗಳಿದ್ದರು. ಅರ್ಧ ಜನರ ಎಚ್‌ಬಿಎ1ಸಿಯನ್ನು, ಅಂದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಂಕಿಯನ್ನು, ಶೇಕಡಾ 6ರ ಕೆಳಗೆ ಇಳಿಸಲು ಹೊರಟರು. ಆ ಗುಂಪಿನಲ್ಲೇ ಸಾವು ಜಾಸ್ತಿಯಾಗಿ, 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು. ನಾಲ್ಕು ಕಾಯಿಲೆ ಇರುವ ಹಿರಿಯರಿಗೆ ಶುಗರ್ ಸ್ವಲ್ಪ ಏರಿರುವುದಕ್ಕಿಂತ, ರಾತ್ರಿ ಅದು ತೀರಾ ಇಳಿದುಬಿಡುವುದೇ ಹೆಚ್ಚು ಭಯದ್ದು. ಗುರಿ ಎಷ್ಟಿರಬೇಕು ಅನ್ನುವುದು ಆ ಮನುಷ್ಯನನ್ನು ನೋಡಿ ತೀರ್ಮಾನವಾಗಬೇಕು.

ಒಬ್ಬರೇ ಎಲ್ಲ ನೋಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನೂ ನಂಬಿಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಆರು ತಿಂಗಳಿಗೊಮ್ಮೆ ರೋಗಿಯ ಎಲ್ಲ ಕಾಯಿಲೆಗಳನ್ನೂ ಒಟ್ಟಿಗೆ ಕೂತು ನೋಡುವ ವ್ಯವಸ್ಥೆ. 2018ರಲ್ಲಿ ಫಲಿತಾಂಶ ಬಂತು. ಬದುಕಿನ ಗುಣಮಟ್ಟದ ಅಳತೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆದರೆ ತಮ್ಮನ್ನು ನೋಡಿಕೊಂಡ ರೀತಿ ಉತ್ತಮವಾಗಿತ್ತು ಅಂತ ರೋಗಿಗಳು ಹೇಳಿದರು. "ಅಷ್ಟಕ್ಕೇ ಇಷ್ಟೆಲ್ಲ ಯಾಕೆ?" ಅಂತ ಕೆಲವರು ಕೇಳಬಹುದು. ವಾಸಿಯಾಗದ ಕಾಯಿಲೆಗಳ ಜೊತೆ ವರ್ಷಗಟ್ಟಲೆ ಇರುವವರಿಗೆ ಅದು ಸಣ್ಣ ಮಾತಲ್ಲ ಅಂತ ನನ್ನ ಅಭಿಪ್ರಾಯ. ನಿಮಗೆ ಯಾವುದು ಜಾಸ್ತಿ ಕಷ್ಟ ಕೊಡುತ್ತಿದೆ ಅಂತ ಕೇಳಿದರೆ ಅಮ್ಮ ಶುಗರ್ ಅನ್ನುವುದಿಲ್ಲ, ನಿದ್ದೆ ಅನ್ನುತ್ತಾರೆ. ಯಾವ ಚೀಟಿಯಲ್ಲೂ ಅದಿಲ್ಲ.

ಈಗ ನಾನು ಎಲ್ಲ ಮಾತ್ರೆಗಳ ಹೆಸರು, ಡೋಸ್, ಯಾವಾಗ ಶುರು, ಯಾರು ಬರೆದದ್ದು, ಯಾತಕ್ಕೆ ಅಂತ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅಂಗಡಿಯಿಂದ ತಂದ ನೋವಿನ ಮಾತ್ರೆ, ಯಾರೋ ಹೇಳಿದ ಕಷಾಯ, ಪುಡಿ ಎಲ್ಲ ಸೇರಿ. ಯಾರ ಹತ್ತಿರ ಹೋದರೂ ಮೊದಲು ಅದನ್ನೇ ಮೇಜಿನ ಮೇಲೆ ಇಡುತ್ತೇನೆ. ಹೊಸ ಮಾತ್ರೆ ಬರೆದರೆ, ಇದು ಎಷ್ಟು ದಿನಕ್ಕೆ, ಇದು ಬಂದ ಮೇಲೆ ಹಳೆಯದರಲ್ಲಿ ಯಾವುದನ್ನು ಬಿಡಬಹುದು ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.