ಬೆಟ್ಟ ಮೊದಲು ಹತ್ರಿ, ಸಮುದ್ರಕ್ಕೆ ಆಮೇಲೆ ಇಳೀರಿ

ಬಾಲಿಗೆ ಸ್ಕೂಬಾ ಟ್ರಿಪ್ ಹೋಗೋಣ ಅಂತ ಗೋವಾದ ನಮ್ಮ ವಾಸ್ಕೋ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಮಳೆಗಾಲದಿಂದ ಮಾತು ನಡೀತಾನೇ ಇದೆ, ಮೊನ್ನೆ ಒಬ್ರು ಪೂರ್ತಿ ಪ್ಲಾನ್ ಮಾಡಿ ಎಕ್ಸೆಲ್ ಶೀಟ್ ಹಾಕಿದ್ರು. ಎಷ್ಟು ಪ್ರೀತಿಯಿಂದ ಮಾಡಿದಾರೆ ಅಂದ್ರೆ ವೆಜ್ ಊಟ ಎಲ್ಲಿ ಸಿಗುತ್ತೆ ಅನ್ನೋದೂ ಅದರಲ್ಲಿದೆ. ಆದ್ರೆ ಪ್ಲಾನ್ ಹೀಗಿದೆ: ಮೊದಲು ಬಾಲಿಯ ಕಡಲ ದಡದ ತುಲಾಂಬೆನ್‌ನಲ್ಲಿ ಬೆಳಗ್ಗೆ ಸಂಜೆ ಡೈವಿಂಗ್, ಕೊನೇ ಡೈವ್ ಮುಗಿಸಿದ ರಾತ್ರಿನೇ ಎದ್ದು ಬಾತೂರ್ ಬೆಟ್ಟ ಹತ್ತಿ ಸೂರ್ಯೋದಯ, ಕೆಳಗೆ ಇಳಿದು ಸೀದಾ ಏರ್‌ಪೋರ್ಟ್. ನಾನು ಇದು ಬೇಡ ಅಂದೆ, ಯಾಕೆ ಅಂತ ಎಲ್ರೂ ಕೇಳಿದ್ರು. ಗ್ರೂಪಲ್ಲಿ ಬರೆದ್ರೆ ಗುಡ್ ಮಾರ್ನಿಂಗ್ ಫೋಟೋಗಳ ಮಧ್ಯೆ ಕಳೆದುಹೋಗುತ್ತೆ, ಅದಕ್ಕೇ ಇಲ್ಲಿ.

ಜ್ವಾಲಾಮುಖಿ ದ್ವೀಪದ ವಿಶೇಷವೇ ಇದು, ಬೆಟ್ಟ ಮತ್ತು ಸಮುದ್ರ ಎರಡೂ ಪಕ್ಕ ಪಕ್ಕ. ಬೆಳಗ್ಗೆ ನೀರಿನ ಕೆಳಗೆ 25 ಮೀಟರ್, ಮರುದಿನ ಬೆಳಗ್ಗೆ 1,717 ಮೀಟರ್ ಎತ್ತರದ ತುದಿ. ನೀರೊಳಗೆ ಪ್ರತಿ 10 ಮೀಟರಿಗೆ ಸಮುದ್ರ ಮಟ್ಟದಲ್ಲಿ ಗಾಳಿ ನಮ್ಮ ಮೇಲೆ ಹಾಕೋ ಅಷ್ಟೇ ಒತ್ತಡ ಮತ್ತೆ ಜಾಸ್ತಿ ಆಗುತ್ತೆ, ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಲ್ಲಿ, ಕೀಲುಗಳಲ್ಲಿ ಕರಗಿ ಕೂತ್ಕೊಳ್ಳುತ್ತೆ. ಮೇಲೆ ಬಂದ ತಕ್ಷಣ ಅದೆಲ್ಲ ಹೋಗಲ್ಲ, ಗಂಟೆಗಟ್ಟಲೆ ನಿಧಾನಕ್ಕೆ ಉಸಿರಿನ ಜೊತೆ ಹೊರಗೆ ಹೋಗುತ್ತೆ. ಅದು ಹೋಗೋ ಮುಂಚೆ ಗಾಳಿಯ ಒತ್ತಡ ಕಡಿಮೆ ಇರೋ ಎತ್ತರಕ್ಕೆ ಹೋದ್ರೆ ಗೋಲಿ ಸೋಡಾ ಒಡೆದಾಗ ಆಗೋದೇ ಮೈಯೊಳಗೆ ಆಗಬಹುದು, ಗುಳ್ಳೆ. ಕೀಲು ನೋವಿಂದ ಹಿಡಿದು ಕಾಲು ಸ್ವಾಧೀನ ತಪ್ಪೋವರೆಗೆ ಏನು ಬೇಕಾದ್ರೂ ಆಗಬಹುದು.

ಅದಕ್ಕೇ ಡೈವಿಂಗ್‌ನಲ್ಲಿ ನಿಯಮ ಇದೆ. ಒಂದೇ ಒಂದು ಸಾಧಾರಣ ಡೈವ್ ಮಾಡಿದ್ರೆ ವಿಮಾನ ಹತ್ತೋ ಮುಂಚೆ ಕಮ್ಮಿ ಅಂದ್ರೂ 12 ಗಂಟೆ, ದಿನಕ್ಕೆ ಎರಡು ಮೂರು ಡೈವ್ ಅಥವಾ ಹಲವು ದಿನ ಮಾಡಿದ್ರೆ ಕಮ್ಮಿ ಅಂದ್ರೂ 18 ಗಂಟೆ. ಇದು ಎಲ್ರಿಗೂ ಗೊತ್ತು, ನಮ್ಮ ಶೀಟ್‌ನಲ್ಲೂ ಫ್ಲೈಟಿಗೆ 18 ಗಂಟೆ ಲೆಕ್ಕ ಹಾಕಿ ಬಿಟ್ಟಿದಾರೆ. ಆದ್ರೆ ಮಧ್ಯದಲ್ಲಿ ಬೆಟ್ಟ ಇಟ್ಟಿದಾರಲ್ಲ! ಮೈಗೆ ವಿಮಾನ ಯಾವುದು ಬೆಟ್ಟ ಯಾವುದು ಗೊತ್ತಾಗಲ್ಲರೀ, ಒತ್ತಡ ಮಾತ್ರ ಗೊತ್ತಾಗೋದು. ವಿಮಾನದ ಕ್ಯಾಬಿನ್ ಒಳಗೆ ಒತ್ತಡ ಕಮ್ಮಿ ಅಂದ್ರೂ 2,400 ಮೀಟರ್ ಎತ್ತರದಲ್ಲಿ ಇರೋ ಅಷ್ಟು ಇರುತ್ತೆ. ಬಾಲಿಯ ಆಗುಂಗ್ ಬೆಟ್ಟ 3,000 ಮೀಟರಿಗಿಂತ ಎತ್ತರ, ಅಂದ್ರೆ ಡೈವ್ ಮಾಡಿ ಆಗುಂಗ್ ಹತ್ತೋದು ವಿಮಾನ ಹತ್ತೋದಕ್ಕಿಂತ ಕೆಟ್ಟದ್ದು, ಅದರ ಜೊತೆಗೆ ಹತ್ತೋ ಶ್ರಮ ಬೇರೆ.

ಇದು ಬಾಲಿಯ ಮಾತು ಅಷ್ಟೇ ಅಲ್ಲ. ಆ 12, 18 ಗಂಟೆಯ ನಿಯಮ ಸುಮಾರು 600 ಮೀಟರ್ ಎತ್ತರದಿಂದಲೇ ಶುರು ಆಗುತ್ತೆ. ಬೆಳಗಾವಿ ಎಷ್ಟು ಎತ್ತರ? ಸುಮಾರು 750 ಮೀಟರ್. ಭಾನುವಾರ ಬೆಳಗ್ಗೆ ಗೋವಾದ ಗ್ರಾಂಡೆ ಐಲ್ಯಾಂಡಲ್ಲಿ ಎರಡು ಡೈವ್ ಮಾಡಿ, ಮಧ್ಯಾಹ್ನ ಫಿಶ್ ಥಾಲಿ ಹೊಡೆದು, ಚೋರ್ಲಾ ಘಾಟ್ ಹತ್ತಿ ರಾತ್ರಿ ಊಟಕ್ಕೆ ಬೆಳಗಾವಿ ಮನೆಗೆ ಹೋಗೋ ಹುಡುಗರನ್ನ ನಾನು ಎಷ್ಟೋ ಸಲ ನೋಡಿದೀನಿ. ನೇತ್ರಾಣಿ ದ್ವೀಪದಲ್ಲಿ ಡೈವ್ ಮುಗಿಸಿ ಮುರುಡೇಶ್ವರದಿಂದ ಘಾಟ್ ಹತ್ತಿ ಊರಿಗೆ ಹೋಗೋರದ್ದೂ ಅದೇ ಕತೆ. ಸಂಜೆ ಫ್ಲೈಟ್ ಇದೆಯಾ ಅಂತ ಡೈವ್ ಶಾಪಿನವರು ಕೇಳ್ತಾರೆ, ಸಂಜೆ ಘಾಟ್ ಹತ್ತುತೀರಾ ಅಂತ ಯಾರೂ ಕೇಳಲ್ಲ. ಕೇಳಬೇಕು. ಗೋವಾಕ್ಕೆ ಬರೋ ನಮ್ಮ ಕಡೆ ಜನ ಮುಕ್ಕಾಲು ಪಾಲು ಕಾರಲ್ಲೇ ಬರೋದು, ಡೈವ್ ಶಾಪಿನ ಫಾರ್ಮ್‌ನಲ್ಲಿ ಈ ಒಂದು ಸಾಲು ಸೇರಿಸೋಕೆ ಏನು ಖರ್ಚು? ನೀರೊಳಗೆ ಕಮ್ಮಿ ಹೊತ್ತು, ಕಮ್ಮಿ ಆಳ ಇದ್ದವರಿಗೆ ಬಹುಶಃ ಏನೂ ಆಗಲ್ಲ, ಆದ್ರೆ ಆ ರಾತ್ರಿ ಪಣಜಿಯಲ್ಲೋ ಮಡಗಾಂವ್‌ನಲ್ಲೋ ಮಲಗಿ ಬೆಳಗ್ಗೆ ಹೊರಟ್ರೆ ಆ ಬಹುಶಃ ಅನ್ನೋ ಮಾತೇ ಬೇಕಾಗಲ್ಲ.

ಹಾಗಂತ ನಾನು ಟ್ರಿಪ್ ಬೇಡ ಅಂತಿಲ್ಲ, ತುಲಾಂಬೆನ್‌ಗೆ ಹೋಗಲೇಬೇಕು. ಅಲ್ಲಿ ನೀರೊಳಗೆ ಲಿಬರ್ಟಿ ಅಂತ ಅಮೆರಿಕದ ಸರಕು ಹಡಗು ಇದೆ. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಅದಕ್ಕೆ ಟಾರ್ಪಿಡೊ ಹೊಡೀತು, ಎಳ್ಕೊಂಡು ಬಂದು ಈ ದಡಕ್ಕೆ ಹತ್ತಿಸಿದ್ರು, ಇಪ್ಪತ್ತು ವರ್ಷ ಹಾಗೇ ಬಿದ್ದಿತ್ತು. 1963ರಲ್ಲಿ ಆಗುಂಗ್ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು, ಅದೇ ಸ್ಫೋಟ ಈ ಹಡಗನ್ನ ನೀರಿಗೆ ತಳ್ತು. ಈಗ ದಡದಿಂದ ಕೂಗಳತೆ ದೂರದಲ್ಲಿ, 5 ಮೀಟರಿಂದ 30 ಮೀಟರ್ ಆಳದವರೆಗೆ ಒರಗಿಕೊಂಡಿದೆ, ಬೋಟ್ ಬೇಡ, ನಡ್ಕೊಂಡೇ ನೀರಿಗೆ ಇಳಿಯೋದು. ದಡದಲ್ಲಿ ಮರಳಿಲ್ಲ, ಲಾವಾದ ಕಪ್ಪು ಉರುಟು ಕಲ್ಲುಗಳು, ಬಿಸಿಲಿಗೆ ಕಾದು ಸುಡ್ತಾ ಇರ್ತವೆ, ಅಲೆ ಹಿಂದೆ ಹೋಗುವಾಗ ಕಾಲ ಕೆಳಗೆ ಉರುಳ್ತವೆ, ಗಟ್ಟಿ ತಳದ ಬೂಟೀಸ್ (ಡೈವಿಂಗ್ ಶೂ) ಇಲ್ಲದೆ ಹೋಗಲೇಬೇಡಿ. ಅದೇ ಕಲ್ಲುಗಳ ಮೇಲೆ ಆ ಊರಿನ ಹೆಂಗಸರು ತಲೆ ಮೇಲೆ ಡೈವರ್‌ಗಳ ಗಾಳಿ ಟ್ಯಾಂಕ್ ಇಟ್ಕೊಂಡು ಸರಸರ ನಡೀತಾರೆ, ಕೆಲವರು ಎರಡೆರಡು. ನೀರೊಳಗೆ ಕಪ್ಪು ಮರಳಿನ ಇಳಿಜಾರು, ಅದರಿಂದ ಹಾವಿನ ಥರ ಉದ್ದ ಇರೋ, ಬೆರಳು ದಪ್ಪದ ಮೀನು, ಗಾರ್ಡನ್ ಈಲ್‌ಗಳು ಅರ್ಧ ಮೈ ಹೊರಗೆ ಹಾಕಿ ಆಡ್ತಾ ಇರ್ತವೆ, ಹತ್ತಿರ ಹೋದ್ರೆ ಒಂದೊಂದಾಗಿ ಒಳಗೆ ಮಾಯ. ಗ್ರಾಂಡೆ ಐಲ್ಯಾಂಡಿನ ಹಸಿರು ನೀರಲ್ಲಿ ಜೊತೆ ಡೈವರ್‌ನ ಕಾಲಿನ ಫಿನ್ ಹುಡುಕಿ ರೂಢಿ ಇರೋ ನಮಗೆ ಅಲ್ಲಿನ ತಿಳಿ ನೀರು ನಂಬೋಕೇ ಆಗಲ್ಲ.

ಇನ್ನೊಂದು, ಬೂದಿ. 2017ರ ನವೆಂಬರಲ್ಲಿ ಆಗುಂಗ್ ಬೂದಿಯಿಂದ ಬಾಲಿ ಏರ್‌ಪೋರ್ಟೇ ಮುಚ್ಚಿತ್ತು, 2024ರ ನವೆಂಬರಲ್ಲಿ ಪೂರ್ವಕ್ಕೆ ದೂರದಲ್ಲಿರೋ ಫ್ಲೋರೆಸ್ ದ್ವೀಪದ ಬೆಟ್ಟ ಸಿಡಿದು ಮತ್ತೆ ಫ್ಲೈಟ್‌ಗಳು ಕ್ಯಾನ್ಸಲ್ ಆದವು. ಬಂದ ಮರುದಿನವೇ ಡ್ಯೂಟಿ ಅಂತ ರಜೆ ಹಾಕಿದವರು ಎರಡು ದಿನ ಜಾಸ್ತಿ ಹಾಕಿ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಮೀಟರ್ ಆಳದವರೆಗೆ ಅಂತ ಪಾಲಿಸಿ ತೆಗೆದು ಓದಿ, ಎಷ್ಟೋ ಪಾಲಿಸಿಯಲ್ಲಿ ಅದು ಇರೋದೇ ಇಲ್ಲ.

ಬಾಲಿ ಯಾಕೆ, ನಮ್ಮ ಅಂಡಮಾನಿನ ಬ್ಯಾರೆನ್ ಐಲ್ಯಾಂಡೇ ಇದೆಯಲ್ಲ ಅಂತ ಇಬ್ಬರು ಕೇಳಿದಾರೆ. ಒಳ್ಳೇ ಆಸೆ. ನಮ್ಮ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ, 2017ರ ಜನವರಿಯಲ್ಲಿ ಅದು ಬೂದಿ, ಲಾವಾ ಉಗುಳೋದನ್ನ ಹಡಗಿನಿಂದ ಕಂಡವರು ಇಲ್ಲೇ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. ಆದ್ರೆ ಪೋರ್ಟ್ ಬ್ಲೇರಿಂದ (ಈಗಿನ ಹೆಸರು ಶ್ರೀ ವಿಜಯಪುರಂ) ಸುಮಾರು 140 ಕಿಲೋಮೀಟರ್ ನಡುನೀರು, ಪ್ರವಾಸಿಗರು ದ್ವೀಪದ ಮೇಲೆ ಇಳಿಯೋ ಹಾಗಿಲ್ಲ, ಅದರ ಗೋಡೆ ಸೀದಾ ಆಳಕ್ಕೆ ಇಳಿಯುತ್ತೆ. ಇನ್‌ಸ್ಟ್ರಕ್ಟರ್ ಟ್ಯಾಂಕ್ ಹಿಡ್ಕೊಂಡು ತಿರುಗಿಸಿದ ಟ್ರೈ ಡೈವ್ ಅನುಭವ ಇಟ್ಕೊಂಡು ಹೋಗೋ ಜಾಗ ಅಲ್ಲ ಅದು. ಅಲ್ಲಿಗೆ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ, ನೀರೊಳಗೆ ಮೇಲೆ ಕೆಳಗೆ ಹೋಗದೆ ತೇಲುವ ಹತೋಟಿ ಸರಿಯಾಗಿ ಬಂದಮೇಲೆ ಹೋಗೋಣ, ನಾನೇ ಮುಂದೆ ನಿಂತು ಪ್ಲಾನ್ ಮಾಡ್ತೀನಿ.

ಸದ್ಯಕ್ಕೆ ಶೀಟನ್ನ ತಿರುಗಿಸಿ ಹಾಕಿದೀನಿ. ಇಳಿದ ಮರುದಿನ ಬಾತೂರ್, ಬೆಟ್ಟದ ಕೆಲಸ ಅಲ್ಲಿಗೆ ಮುಗೀತು. ಆಮೇಲೆ ತುಲಾಂಬೆನ್. ಕೊನೇ ಡೈವ್ ಬೆಳಗ್ಗೆನೇ ಮುಗಿಸಿ, ಮರುದಿನ ಪೂರ್ತಿ ಸಮುದ್ರದ ಮಟ್ಟದಲ್ಲೇ, ಬೇಕಾದ್ರೆ ಸಾನೂರ್ ಬೀಚಲ್ಲಿ ಮಲ್ಕೊಳ್ಳಿ, ಬಾತೂರ್ ಪಕ್ಕದ ಕಿಂತಾಮಣಿ ಕಡೆ ಕಾಫಿಗೂ ಹೋಗಬೇಡಿ, ಅದೂ ಎತ್ತರದಲ್ಲೇ ಇದೆ. ರಾತ್ರಿ ಫ್ಲೈಟ್. ಇನ್ನೂ ಡೈವಿಂಗ್‌ನ ಮೊದಲ ಕೋರ್ಸ್, ಓಪನ್ ವಾಟರ್, ಮಾಡದವರು ಬೋಟ್ ಸೀಸನ್ ಶುರು ಆದ ಕೂಡ್ಲೇ ನೇತ್ರಾಣಿಯಲ್ಲೋ ಇಲ್ಲೋ ಮುಗಿಸ್ಕೊಳ್ಳಿ, ಅಸ್ತಮಾ, ಕಿವಿ, ಸೈನಸ್ ತೊಂದರೆ ಇದ್ದವರು ಟಿಕೆಟ್ ಬುಕ್ ಮಾಡೋ ಮುಂಚೆ ಡಾಕ್ಟರ್ ಹತ್ರ ಹೋಗಿ ಬನ್ನಿ. ಹೊಸ ಶೀಟ್ ಗ್ರೂಪಲ್ಲಿ ಹಾಕಿದೀನಿ, ನೋಡಿ ಹೆಸರು ಬರೀರಿ.