ಏಳು ಸೀಟಿನ ಕಾರು ಕೊಳ್ಳುವ ಮುಂಚೆ ಕೊನೇ ಸಾಲಿನಲ್ಲಿ ಅರ್ಧ ಗಂಟೆ ಕೂತು ನೋಡಿ

ಏಳು ಸೀಟಿನ ಕಾರು ನೋಡಲು ಹೋದವರು ಮೊದಲು ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ, ಟಚ್‌ಸ್ಕ್ರೀನ್ ಒತ್ತುತ್ತಾರೆ, ಸನ್‌ರೂಫ್ ತೆಗೆಸುತ್ತಾರೆ. ಕೊನೇ ಸಾಲನ್ನು ಮಾತ್ರ ಹೊರಗಿನಿಂದಲೇ ಬಗ್ಗಿ ನೋಡಿ "ಮಕ್ಕಳಿಗೆ ಆಗುತ್ತೆ ಬಿಡಿ" ಅಂದುಬಿಡುತ್ತಾರೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಹೊರನಾಡು ಅಂತ ಮನೆಮಂದಿಯೆಲ್ಲ ಹೊರಟ ದಿನ ಆ ಕೊನೇ ಸಾಲಿನವರಿಗೆ ತ್ರಾಸಾದರೆ ಇಡೀ ಗಾಡಿಗೇ ತ್ರಾಸು. ಅದಕ್ಕೇ ಮಾರುತಿ ಎರ್ಟಿಗಾ, ಕಿಯಾ ಕ್ಯಾರೆನ್ಸ್, ಟೊಯೋಟಾ ಇನ್ನೋವಾಗಳನ್ನು ಹೋಲಿಸುವುದಿದ್ದರೆ ಹಿಂದಿನಿಂದ ಮುಂದಕ್ಕೆ ಹೋಲಿಸಿ ಎನ್ನುತ್ತೇನೆ.

ಮೊದಲು ತೊಡೆಯ ಪರೀಕ್ಷೆ. ಕೊನೇ ಸಾಲಿನಲ್ಲಿ ಬೆನ್ನನ್ನು ಪೂರ್ತಿ ಒರಗಿಸಿ, ಪಾದ ನೆಲಕ್ಕೆ ಊರಿ ಕೂತು, ತೊಡೆಗೂ ಸೀಟಿಗೂ ನಡುವೆ ಅಂಗೈ ತೂರಿಸಿ ನೋಡಿ. ಕೈ ಸಲೀಸಾಗಿ ಒಳಗೆ ಹೋದರೆ ಅಲ್ಲಿ ನೆಲ ಎತ್ತರ, ಸೀಟು ತಗ್ಗು ಎಂದರ್ಥ. ಮಂಡಿ ಎದೆಯ ಕಡೆಗೆ ಏರುತ್ತದೆ, ಮೈಭಾರವೆಲ್ಲ ಬಾಲದ ಮೂಳೆಯ ಮೇಲೆ ಬೀಳುತ್ತದೆ. ಹತ್ತು ನಿಮಿಷ ಏನೂ ಗೊತ್ತಾಗದು. ನೆಲಮಂಗಲ ದಾಟಿ ಕುಣಿಗಲ್ ಬರುವಷ್ಟರಲ್ಲಿ ಸೊಂಟ ಹಿಡಿಯಲು ಶುರುವಾಗುತ್ತದೆ. ಪೆಟ್ರೋಲ್ ಟ್ಯಾಂಕು, ಹಿಂದಿನ ಆಕ್ಸಲ್ ಎಲ್ಲ ಆ ನೆಲದ ಕೆಳಗೇ ಕೂರಬೇಕಾದ್ದರಿಂದ ಸಣ್ಣ ಗಾಡಿಗಳಲ್ಲಿ ಇದು ತಪ್ಪಿದ್ದಲ್ಲ.

ಎರಡನೆಯದು ಎ.ಸಿ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಡೆಮೊ ಕಾರನ್ನೇ ಕೇಳಿ. ಬಾಗಿಲು ಹಾಕಿ, ಎ.ಸಿ. ಹಾಕಿಸಿ, ಹದಿನೈದು ನಿಮಿಷ ಹಿಂದೆಯೇ ಕೂತಿರಿ. ಕೊನೇ ಸಾಲಿಗೆ ಬೇರೆ ವೆಂಟ್ ಇದೆಯೇ, ಅದರ ಗಾಳಿ ಮುಖಕ್ಕೆ ಬರುತ್ತದೆಯೇ ಮಂಡಿಗೆ ಬರುತ್ತದೆಯೇ, ಫ್ಯಾನ್ ವೇಗ ಹಿಂದಿನಿಂದಲೇ ಬದಲಿಸಬಹುದೇ, ಇಷ್ಟನ್ನು ನೋಡಿಕೊಳ್ಳಿ. ಘಾಟಿಯಲ್ಲಿ ಹಿಂದೆ ಕೂತವರೇ ಮೊದಲು ವಾಂತಿ ಮಾಡಿಕೊಳ್ಳುವುದಕ್ಕೆ ಗಾಳಿಯ ಕೊರತೆಯೂ ಒಂದು ಕಾರಣ. ಇನ್ನೊಂದು, ಅವರಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಕಿವಿಯೊಳಗಿನ ಸಮತೋಲನದ ಅಂಗ ಗಾಡಿ ತಿರುಗಿತು ಎನ್ನುತ್ತದೆ, ಕಣ್ಣಿಗೆ ಮಾತ್ರ ಮುಂದಿನ ಸೀಟಿನ ಬೆನ್ನು ಬಿಟ್ಟರೆ ಏನೂ ಕಾಣದು. ಸಾಲದ್ದಕ್ಕೆ ಹಿಂದಿನ ಚಕ್ರದ ಮೇಲೆ ಅಥವಾ ಅದಕ್ಕಿಂತ ಹಿಂದೆ ಕೂತವರಿಗೆ ಕುಲುಕಾಟವೂ ಜಾಸ್ತಿ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಈ ತೊಂದರೆ ಹೆಚ್ಚು. ಹಾಗಿದ್ದೂ ನಾವು ಅವರನ್ನೇ ಹಿಂದೆ ಕೂರಿಸುತ್ತೇವೆ! ಘಾಟಿ ಶುರುವಾಗುವ ಮೊದಲು ಗಾಡಿ ನಿಲ್ಲಿಸಿ ಮಕ್ಕಳನ್ನು ನಡುವಿನ ಸಾಲಿಗೆ ತಂದು, ಗಟ್ಟಿಮುಟ್ಟಾದ ದೊಡ್ಡವರಿಬ್ಬರು ಹಿಂದಕ್ಕೆ ಹೋಗುವುದೇ ಸರಿಯಾದ ಕ್ರಮ. ಮೊಬೈಲ್ ನೋಡುವುದನ್ನೂ ಅಷ್ಟು ಹೊತ್ತು ಬಿಡಿಸಿ.

ಈ ಅದಲು ಬದಲು ಸುಲಭವಾಗಿ ಆಗಬೇಕಾದರೆ ನಡುವಿನ ಸೀಟು ಹೇಗೆ ಮಡಚುತ್ತದೆ ಎನ್ನುವುದು ಮುಖ್ಯ. ಕಿಯಾ ಕ್ಯಾರೆನ್ಸ್ ಎಲ್ಲರಿಗಿಂತ ಮುಂದಿರುವುದು ಇಲ್ಲೇ. ಒಂದು ಬಟನ್ ಒತ್ತಿದರೆ ನಡುವಿನ ಸೀಟು ತಾನಾಗಿ ಮಡಚಿ ಮುಂದಕ್ಕೆ ಮಗುಚುತ್ತದೆ, ಒಳಗೆ ಕಾಲಿಡಲು ದೊಡ್ಡ ಜಾಗ ಸಿಗುತ್ತದೆ. ಎರ್ಟಿಗಾದಲ್ಲಿ ಬೆನ್ನು ಬಾಗಿ ಸೀಟು ಮುಂದಕ್ಕೆ ಜಾರುತ್ತದೆ ಅಷ್ಟೇ, ಪೂರ್ತಿ ಮಗುಚುವುದಿಲ್ಲ. ಆ ಸಂದಿಯಲ್ಲಿ ಸೀರೆ ಉಟ್ಟವರು, ಮಂಡಿನೋವಿನವರು ನುಸುಳುವುದು ಕಷ್ಟ. ಎರ್ಟಿಗಾದ ಅಣ್ಣನಂತಿರುವ ಎಕ್ಸ್‌ಎಲ್6ನಲ್ಲಿ ನಡುವೆ ಎರಡು ಬಿಡಿ ಬಿಡಿ ಕ್ಯಾಪ್ಟನ್ ಸೀಟು, ಒಟ್ಟು ಆರೇ ಜನ. ಎರಡು ಸೀಟಿನ ನಡುವಿನ ದಾರಿಯಲ್ಲೇ ಹಿಂದಕ್ಕೆ ದಾಟಬಹುದು. ಆರು ಜನರ ಮನೆಗೆ ಏಳನೇ ಸೀಟಿಗಿಂತ ಆ ದಾರಿಯೇ ಹೆಚ್ಚು ಉಪಯೋಗ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ಅಳತೆಗೆ ಬರೋಣ. ಬಹಳ ಜನ ಗಾಡಿಯ ಒಟ್ಟು ಉದ್ದ ನೋಡುತ್ತಾರೆ. ಒಳಗಿನ ಜಾಗ ಹೇಳುವುದು ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ. ಎರ್ಟಿಗಾದ್ದು 2,740 ಮಿ.ಮೀ., ಕ್ಯಾರೆನ್ಸ್‌ನದು 2,780, ಇನ್ನೋವಾ ಕ್ರಿಸ್ಟಾದ್ದು 2,750, ಇನ್ನೋವಾ ಹೈಕ್ರಾಸ್‌ನದು 2,850. ಕ್ರಿಸ್ಟಾ 4,735 ಮಿ.ಮೀ. ಉದ್ದದ ಗಾಡಿ, ಮೊದಲು ಬಂದ ಕ್ಯಾರೆನ್ಸ್ 4,540. ಆದರೂ ವೀಲ್‌ಬೇಸ್ ಕ್ಯಾರೆನ್ಸ್‌ನದೇ ಜಾಸ್ತಿ. ಕ್ರಿಸ್ಟಾ ಹಳೇ ಪದ್ಧತಿಯ ಗಾಡಿ: ಕೆಳಗೆ ಲಾರಿಯಂತೆ ಚಾಸಿ, ಎಂಜಿನ್ ಉದ್ದಕ್ಕೆ ಕೂತಿದೆ, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಅದಕ್ಕೇ ನೆಲ ಎತ್ತರ, ಹತ್ತುವಾಗ ಹಿಡಿಕೆ ಹಿಡಿದು ಮೈ ಎತ್ತಬೇಕು. ಹೈಕ್ರಾಸ್‌ನಲ್ಲಿ ಚಾಸಿಯೂ ಇಲ್ಲ, ಶಾಫ್ಟೂ ಇಲ್ಲ, ಮುಂದಿನ ಚಕ್ರವೇ ಎಳೆಯುತ್ತದೆ. ನೆಲ ತಗ್ಗಿತು, ಕೊನೇ ಸಾಲಿಗೆ ಕಾಲು ಚಾಚುವ ಜಾಗ ಬಂತು. ಎಂಬತ್ತು ದಾಟಿದ ಅಜ್ಜಿ ಹತ್ತಿ ಇಳಿಯುವ ಮನೆಯಾದರೆ ಕ್ರಿಸ್ಟಾಗಿಂತ ಹೈಕ್ರಾಸ್ ಎಷ್ಟೋ ಮೇಲು.

ಎರಡೂ ಇನ್ನೋವಾ ತಯಾರಾಗುವುದು ನಮ್ಮ ಬಿಡದಿಯಲ್ಲೇ. ಮಾರುತಿ ಹೆಸರಿನಲ್ಲಿ 2023ರಿಂದ ಮಾರುತ್ತಿರುವ ಇನ್ವಿಕ್ಟೋ ಕೂಡ ಹೈಕ್ರಾಸ್‌ನದೇ ಇನ್ನೊಂದು ರೂಪ, ಅದೂ ಅಲ್ಲಿಯದೇ. ಒಂದರ ಬುಕಿಂಗ್‌ಗೆ ತಿಂಗಳುಗಟ್ಟಲೆ ಕಾಯಬೇಕು ಅಂದರೆ ಇನ್ನೊಂದರ ಬೆಲೆಯನ್ನೂ ವಿಚಾರಿಸಿ ನೋಡಿ.

ಹಾಗಂತ ಕ್ರಿಸ್ಟಾ ತಳ್ಳಿಹಾಕುವ ಗಾಡಿಯಲ್ಲ. 2.4 ಲೀಟರ್ ಡೀಸೆಲ್ ಎಂಜಿನ್, 150 ಪಿ.ಎಸ್. ಶಕ್ತಿ, 343 ಎನ್.ಎಂ. ಟಾರ್ಕ್ ಅಂದರೆ ಎಳೆಯುವ ಬಲ, ಅದೂ ಎಂಜಿನ್ ನಿಮಿಷಕ್ಕೆ 1,400 ಸುತ್ತು (ಆರ್.ಪಿ.ಎಂ.) ತಿರುಗುವಾಗಲೇ ಸಿಗುತ್ತದೆ. ಏಳು ಜನ ದೊಡ್ಡವರು, ಮೇಲೆ ಲಗೇಜು, ಎ.ಸಿ. ಹಾಕಿಕೊಂಡು ಶಿರಾಡಿ ಹತ್ತುವಾಗ ಮೂರನೇ ಗೇರಿನಲ್ಲಿ ಎಂಜಿನ್ ಗೊಣಗದೆ ಎಳೆಯುತ್ತದೆ. ಖಾಲಿ ಇದ್ದಾಗ ಹಿಂದೆ ಸ್ವಲ್ಪ ಕುಪ್ಪಳಿಸುತ್ತದೆ, ಜನ ತುಂಬಿದಷ್ಟೂ ಹದಕ್ಕೆ ಬರುತ್ತದೆ. ವಾರಕ್ಕೊಮ್ಮೆ ಊರಿಗೆ ಹೋಗುವ ಕೂಡುಕುಟುಂಬಕ್ಕೆ ಈಗಲೂ ಇದೇ ಸರಿ. ಆಟೋಮ್ಯಾಟಿಕ್ ಬೇಕೆಂದವರಿಗೆ ಮಾತ್ರ ಹೊಸ ಕ್ರಿಸ್ಟಾದಲ್ಲಿ ಅದು ಸಿಗುವುದಿಲ್ಲ, ಐದು ಗೇರಿನ ಮ್ಯಾನುಯಲ್ ಒಂದೇ.

ಎರ್ಟಿಗಾದ 1.5 ಲೀಟರ್ ಪೆಟ್ರೋಲ್ ಕೊಡುವುದು ಸುಮಾರು 137 ಎನ್.ಎಂ., ಅದೂ 4,400 ಆರ್.ಪಿ.ಎಂ.ಗೆ ಏರಿದ ಮೇಲೆ. ಅಂದರೆ ಲೋಡ್ ಇದ್ದಾಗ ಘಾಟಿಯಲ್ಲಿ ಎರಡನೇ ಗೇರಿಗೆ ಇಳಿಸಿ ಎಂಜಿನ್ ಕೂಗಿಸಲೇಬೇಕು. ಮೂರನೇ ಗೇರಿನಲ್ಲೇ ಕಾಲೊತ್ತಿ ಹತ್ತಿಸುತ್ತೇನೆ ಅಂದರೆ ಗಾಡಿ ನಡುಗುತ್ತದೆ, ಅರ್ಧ ಕ್ಲಚ್ ಒತ್ತಿದರೆ ಕ್ಲಚ್ ಸುಡುತ್ತದೆ. ಕ್ಯಾರೆನ್ಸ್ ಡೀಸೆಲ್‌ಗೆ 250 ಎನ್.ಎಂ. ಇದೆ, 1,500 ಆರ್.ಪಿ.ಎಂ.ನಿಂದಲೇ. ಕ್ಯಾರೆನ್ಸ್‌ನ ಟರ್ಬೊ ಪೆಟ್ರೋಲ್‌ನಲ್ಲೂ 253 ಎನ್.ಎಂ. ಇದೆ, ಕುಡಿಯುವುದು ಮಾತ್ರ ಹೆಚ್ಚು. ಅದರ ಸಾದಾ ಪೆಟ್ರೋಲ್‌ಗೆ 144 ಎನ್.ಎಂ. ಅಷ್ಟೇ, ಬೆಟ್ಟದಲ್ಲಿ ಎರ್ಟಿಗಾದ ಹಾಗೆಯೇ. ಮಲೆನಾಡು, ಕರಾವಳಿ ಕಡೆ ಹೆಚ್ಚು ಓಡಾಡುವವರು ಕ್ಯಾರೆನ್ಸ್ ತೆಗೆದುಕೊಳ್ಳುವುದಾದರೆ ಡೀಸೆಲ್ ತೆಗೆದುಕೊಳ್ಳಿ. ಈ ಬೆಲೆಯಲ್ಲಿ ಉದ್ದನೆಯ ಪ್ರವಾಸಕ್ಕೆ ಅದಕ್ಕಿಂತ ಹೊಂದುವ ಗಾಡಿ ನನಗೆ ಕಾಣುತ್ತಿಲ್ಲ.

ಡಿಕ್ಕಿಯ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. ಮೂರೂ ಸಾಲು ಎತ್ತಿದಾಗ ಎರ್ಟಿಗಾದ ಡಿಕ್ಕಿ 209 ಲೀಟರ್, ಕ್ಯಾರೆನ್ಸ್‌ನದು 216, ಇನ್ನೋವಾಗಳದ್ದು 300. ವಿಮಾನದೊಳಗೆ ಒಯ್ಯುವ ಸಣ್ಣ ಟ್ರಾಲಿ ಬ್ಯಾಗ್ ಒಂದಕ್ಕೆ ಸುಮಾರು 40 ಲೀಟರ್ ಬೇಕು. ಎರ್ಟಿಗಾ, ಕ್ಯಾರೆನ್ಸ್‌ಗಳಲ್ಲಿ ಲೆಕ್ಕಕ್ಕೆ ಐದು ಬಂತು, ಆದರೆ ಡಿಕ್ಕಿಯ ಬಾಗಿಲು ಓರೆಯಾಗಿರುವುದರಿಂದ ನಿಲ್ಲಿಸಿದರೆ ಎರಡು, ಹೆಚ್ಚೆಂದರೆ ಮೂರು. ಮಿಕ್ಕಿದ್ದು ಬಟ್ಟೆ ಚೀಲ ತುರುಕುವ ಜಾಗ. ಆದ್ದರಿಂದ ಪ್ರವಾಸಕ್ಕೆ ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆ ಬ್ಯಾಗ್ ಒಯ್ಯಿರಿ. ಕೊನೇ ಸಾಲಿನ ಬೆನ್ನಿಗಿಂತ ಎತ್ತರಕ್ಕೆ ಏನನ್ನೂ ಪೇರಿಸಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಆ ಸ್ಟೀಲ್ ಡಬ್ಬಿ, ನೀರಿನ ಕ್ಯಾನು ಹಾರಿ ಬರುವುದು ಕೊನೇ ಸಾಲಿನವರ ತಲೆಗೇ. ಐದು ಜನರಿದ್ದಾಗ ಕೊನೇ ಸಾಲು ಮಡಚಿದರೆ ಎರ್ಟಿಗಾದಲ್ಲಿ 550 ಲೀಟರ್, ಹೈಕ್ರಾಸ್‌ನಲ್ಲಿ 991 ಲೀಟರ್ ಸಿಗುತ್ತದೆ. ಕ್ರಿಸ್ಟಾದ ಕೊನೇ ಸೀಟುಗಳು ನೆಲದೊಳಗೆ ಮಡಚುವುದಿಲ್ಲ, ಎರಡೂ ಪಕ್ಕಕ್ಕೆ ನೇತು ನಿಲ್ಲುತ್ತವೆ, ಅರ್ಧ ಜಾಗ ಅವೇ ನುಂಗುತ್ತವೆ.

ಸಿ.ಎನ್.ಜಿ. ಎರ್ಟಿಗಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಿಲೋಗೆ 26.11 ಕಿ.ಮೀ. ಎನ್ನುವುದು ಕಂಪನಿಯ ಲೆಕ್ಕ. ಆದರೆ ಸಿಲಿಂಡರ್ ಕೂರುವುದು ಕೊನೇ ಸಾಲಿನ ಹಿಂದೆ, ಇದ್ದ ಡಿಕ್ಕಿಯೂ ಹೋಯಿತು. ಲಗೇಜು ಕ್ಯಾರಿಯರ್ ಮೇಲೆ ಹೋಗಬೇಕು, ಆಗ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಗಾಳಿಯ ತಡೆಯಿಂದ ಮೈಲೇಜೂ ಇಳಿಯುತ್ತದೆ. ಗ್ಯಾಸ್‌ನಲ್ಲಿ ಶಕ್ತಿಯೂ 103 ಪಿ.ಎಸ್.ನಿಂದ 88ಕ್ಕೆ ಇಳಿಯುತ್ತದೆ. ಊರೊಳಗೆ ದಿನಾ ಓಡಿಸುವವರಿಗೆ, ಬಾಡಿಗೆಗೆ ಬಿಡುವವರಿಗೆ ಅದು ಚಿನ್ನ. ಮನೆಮಂದಿಯ ಪ್ರವಾಸಕ್ಕೆ ಅಲ್ಲ.

ದುಡ್ಡಿನ ಲೆಕ್ಕಕ್ಕೆ ಹೈಕ್ರಾಸ್ ಒಳ್ಳೆಯ ಉದಾಹರಣೆ. ಸಾದಾ ಪೆಟ್ರೋಲ್‌ಗೂ, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಹೈಬ್ರಿಡ್‌ಗೂ ಎಕ್ಸ್‌ಶೋರೂಂ ಬೆಲೆಯಲ್ಲಿ ಸುಮಾರು ಆರು ಲಕ್ಷದ ಅಂತರ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಸೆಸ್ ಬೇರೆ. ಆನ್‌ರೋಡ್ ಅಂತರ ಏಳು ಲಕ್ಷ ದಾಟುತ್ತದೆ. ಕಂಪನಿ ಹೇಳುವ ಮೈಲೇಜ್ 16.13 ಮತ್ತು 23.24, ಜನ, ಎ.ಸಿ., ಟ್ರಾಫಿಕ್ ಎಲ್ಲ ಸೇರಿದರೆ 11 ಮತ್ತು 17 ಎಂದು ಹಿಡಿಯೋಣ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೆ ಉಳಿಯುವುದು ಸುಮಾರು 480 ಲೀಟರ್, ಲೀಟರಿಗೆ ನೂರಾ ಮೂರು ರೂಪಾಯಿ ಎಂದು ಹಿಡಿದರೆ ಐವತ್ತು ಸಾವಿರದ ಒಳಗೆ. ಹಾಕಿದ್ದು ವಾಪಸಾಗಲು ಹದಿನಾಲ್ಕು ವರ್ಷ! ವರ್ಷಕ್ಕೆ 30,000 ಕಿ.ಮೀ. ಓಡಿಸುವವರಿಗೆ ಏಳು ವರ್ಷ, ಆಗ ಅರ್ಥವಿದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸದ್ದಿಲ್ಲದೆ ತೆವಳುವ ನೆಮ್ಮದಿಗೆ ದುಡ್ಡು ಕೊಡುತ್ತೇನೆ ಅಂದರೆ ಅದು ಬೇರೆ ಮಾತು. ಹೈಬ್ರಿಡ್ ತೆಗೆದುಕೊಂಡವರು ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಎಲ್ಲಿದೆ ಎಂದು ಡೆಲಿವರಿ ದಿನವೇ ತೋರಿಸಿಕೊಳ್ಳಿ. ಪ್ರವಾಸದಲ್ಲಿ ಅದರ ಎದುರು ಚೀಲ, ಚಪ್ಪಲಿ ಅಡ್ಡ ಬಂದರೆ ಬ್ಯಾಟರಿ ಬಿಸಿಯಾಗುತ್ತದೆ.

ರೆನೋ ಟ್ರೈಬರ್ ನಾಲ್ಕು ಮೀಟರ್ ಒಳಗಿನ ಗಾಡಿ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಶೇ. 18ಕ್ಕೆ ಇಳಿದ ಗುಂಪಿಗೆ ಸೇರುತ್ತದೆ, ಕೊನೇ ಸೀಟುಗಳನ್ನು ಕಳಚಿ ಮನೆಯಲ್ಲೇ ಇಟ್ಟು ಹೋಗಬಹುದು. ಐದು ಜನರಿಗೆ 625 ಲೀಟರ್ ಡಿಕ್ಕಿಯ ಒಳ್ಳೆಯ ಕಾರು. 72 ಪಿ.ಎಸ್.ನಲ್ಲಿ ಏಳು ಜನರನ್ನು ಘಾಟಿ ಹತ್ತಿಸುವ ಆಸೆ ಬೇಡ. ಜಾರುವ ಬಾಗಿಲಿನ ನಿಜವಾದ ಮಿನಿವ್ಯಾನ್ ಬೇಕೆಂದವರಿಗೆ ಕಿಯಾ ಕಾರ್ನಿವಲ್ ಇದೆ. ಸುಮಾರು ಅರವತ್ತು ಲಕ್ಷದ ಗಾಡಿ ಅಂದ ಮೇಲೆ ಹೋಲಿಕೆಯ ಮಾತೇಕೆ? 5,155 ಮಿ.ಮೀ. ಉದ್ದ, ಸುಮಾರು ಎರಡು ಮೀಟರ್ ಅಗಲ ಎನ್ನುವುದನ್ನು ನೆನಪಿಟ್ಟು ಮೊದಲು ಮನೆಯ ಗೇಟು, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಅಳೆದುಕೊಳ್ಳಿ.

ಯಾವ ಗಾಡಿಯೇ ಇರಲಿ, ಹೊರಡುವ ಮುಂಚೆ ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರ್ ಓದಿ. ಟೈರ್ ಗಾಳಿಗೆ ಫುಲ್ ಲೋಡಿನ ಅಂಕಿ ಬೇರೆ ಕೊಟ್ಟಿದ್ದರೆ, ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಹೆಚ್ಚಿರುತ್ತದೆ. ಟೈರ್ ತಣ್ಣಗಿರುವಾಗ ಅಷ್ಟೇ ಹಿಡಿಸಿ, ಸ್ಟೆಪ್ನಿಗೂ ಹಿಡಿಸಿ. ಗಾಳಿ ಕಡಿಮೆಯಿದ್ದು ಲೋಡ್ ಹೆಚ್ಚಿದ್ದರೆ ಟೈರಿನ ಪಕ್ಕ ಬಾಗಿ ಬಾಗಿ ಕಾಯುತ್ತದೆ, ಬೇಸಿಗೆಯ ಹೈವೇಯಲ್ಲಿ ಒಡೆಯುವುದು ಹೆಚ್ಚಾಗಿ ಇದರಿಂದಲೇ. ಹೈಕ್ರಾಸ್‌ನ ಮೇಲ್ದರ್ಜೆಗೆ ಬರುವ 18 ಇಂಚಿನ ಚಕ್ರ ನೋಡಲು ಚೆಂದ, ಆದರೆ ಟೈರಿನ ಪಕ್ಕ ಗಿಡ್ಡ. ಮಳೆಗಾಲದ ಗುಂಡಿಗೆ ಬಿದ್ದರೆ ಟೈರೂ ಸೀಳುತ್ತದೆ, ಅಲಾಯ್ ರಿಮ್ಮೂ ಸೊಟ್ಟಗಾಗುತ್ತದೆ. ಹಳ್ಳಿ ರಸ್ತೆ ಜಾಸ್ತಿ ಇರುವವರಿಗೆ ಕೆಳದರ್ಜೆಯ 16 ಇಂಚೇ ವಾಸಿ.

ಘಾಟಿ ಇಳಿಯುವಾಗ, ಆಗುಂಬೆಯ ಹದಿನಾಲ್ಕು ತಿರುವಿರಲಿ ಚಾರ್ಮಾಡಿಯಿರಲಿ, ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡಿಗೆ ಹಾಕಿ ಎರಡರಲ್ಲಿ ಹಿಡಿಯಿರಿ, ಹೈಬ್ರಿಡ್ ಆದರೆ ಎಂಜಿನ್ನಿಂದ ವೇಗ ತಡೆಯುವ ಮೋಡಿಗೆ ಹಾಕಿ. ಬ್ಯಾಟರಿ ತುಂಬಿದ ಮೇಲೆ ಎಂಜಿನ್ ತಾನಾಗಿ ಜೋರಾಗಿ ತಿರುಗುವ ಸದ್ದು ಬರುತ್ತದೆ, ಗಾಬರಿ ಬೇಡ, ಅದೂ ಗಾಡಿಯನ್ನು ತಡೆಯುವ ಕೆಲಸವೇ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾಯುತ್ತದೆ, ಆ ಕಾವು ಬ್ರೇಕ್ ಆಯಿಲ್‌ಗೆ ಏರುತ್ತದೆ. ಹಳೇ ಆಯಿಲ್ ತೇವ ಹೀರಿಕೊಂಡಿರುವುದರಿಂದ ಬೇಗ ಕುದಿಯುತ್ತದೆ, ಗುಳ್ಳೆ ಬಂದು ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಸರ್ವೀಸಿನಲ್ಲಿ ಬಾಯಿಬಿಟ್ಟು ಹೇಳಿ, ಬಿಲ್ಲಿನಲ್ಲಿ ಇದೆಯೇ ನೋಡಿಕೊಳ್ಳಿ. ಇಳಿಯುವಾಗ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಇಪ್ಪತ್ತು ನಿಮಿಷ ಆರಲು ಬಿಡಿ. ಚಕ್ರದ ಮೇಲೆ ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ.