ಜಾಬ್ ತಣ್ಣಗಾಗಲು ಕಾದ ಹುಡುಗ

ಪರಿಚಯದವರೊಬ್ಬರು ಮೊನ್ನೆ ರಾತ್ರಿ ಫೋನ್ ಮಾಡಿದ್ದರು. ಮಗನಿಗೆ ಸಿಇಟಿಯಲ್ಲಿ ಅಂದುಕೊಂಡ ರ‍್ಯಾಂಕ್ ಬಂದಿಲ್ಲ, ಸಿಗುವ ಕಾಲೇಜಿನ ಹೆಸರನ್ನು ಯಾರೂ ಕೇಳಿಲ್ಲ. "ನೀನು ಕಂಪನಿಯಲ್ಲಿ ಜನರನ್ನು ತೆಗೆದುಕೊಳ್ಳುವವಳು, ನಿಜ ಹೇಳಮ್ಮ, ಇವನ ಕಥೆ ಇಷ್ಟೇನಾ?" ಎಂದು ಕೇಳಿದರು. ಹಾಗೇನಿಲ್ಲ ಎಂದು ಸಮಾಧಾನ ಹೇಳಿ ಫೋನ್ ಇಟ್ಟೆ. ಆದರೆ ನಾನು ಹೇಳಿದ್ದು ಅರ್ಧ ಸತ್ಯ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಗಳಲ್ಲಿ ಗುಣಮಟ್ಟ ತಪಾಸಣೆಯ ಕೆಲಸ ಮಾಡುತ್ತ ನನಗೆ ಇಪ್ಪತ್ತೆರಡು ವರ್ಷಗಳಾದವು. ಈಗಿನ ಜಾಗದಲ್ಲಿ ಅಲ್ಲ, ಹಿಂದೆ ಇದ್ದ ಒಂದು ಕಾರ್ಖಾನೆಯಲ್ಲಿ ನಡೆದ ಸಂಗತಿ ಇದು. ಒಂದೇ ವಾರದಲ್ಲಿ ಇಬ್ಬರು ಹುಡುಗರು ಸೇರಿದರು. ಒಬ್ಬ ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದವನು. ಇನ್ನೊಬ್ಬ ಕೊಪ್ಪಳ ಕಡೆಯವನು, ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ, ಅಚ್ಚುಗಳ ತಯಾರಿ) ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು, ನೇರ ಎರಡನೇ ವರ್ಷಕ್ಕೆ ಸೇರಿ ಒಂದು ಸಣ್ಣ ಕಾಲೇಜಿನಲ್ಲಿ ಬಿಇ ಮುಗಿಸಿದ್ದ. ಇಬ್ಬರ ಪದವಿಯೂ ಒಂದೇ. ಆದರೂ ಒಬ್ಬನಿಗೆ ಮೊದಲ ದಿನವೇ ಮೇಜು, ಲ್ಯಾಪ್‌ಟಾಪ್ ಸಿಕ್ಕಿತು. ಇನ್ನೊಬ್ಬನಿಗೆ ಸಿಕ್ಕಿದ್ದು ಸೇಫ್ಟಿ ಶೂ ಮತ್ತು ಎರಡನೇ ಶಿಫ್ಟ್.

ಮೂರನೆಯ ವಾರವೋ ಏನೋ, 60 ಮಿಲಿಮೀಟರ್ ವ್ಯಾಸದ ಶಾಫ್ಟ್‌ಗಳು, ಅಂದರೆ ಉಕ್ಕಿನ ದಂಡಗಳು, ತಯಾರಾಗುತ್ತಿದ್ದವು. ತಂಪು ಮಾಡುವ ಕೂಲೆಂಟ್ ದ್ರವ ಇಲ್ಲದೆ, ಗಟ್ಟಿಗೊಳಿಸಿದ ಉಕ್ಕನ್ನು ಲ್ಯಾಥ್‌ನಲ್ಲಿ ಕಡೆಯುವ ಹಾರ್ಡ್ ಟರ್ನಿಂಗ್. ಡ್ರಾಯಿಂಗ್‌ನಲ್ಲಿ ಎಚ್6 ಟಾಲರೆನ್ಸ್. ಅಂದರೆ ಆ ಅಳತೆಗೆ 19 ಮೈಕ್ರಾನ್ ವ್ಯತ್ಯಾಸಕ್ಕೆ ಮಾತ್ರ ಅವಕಾಶ; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಗೂದಲು ಆ 19 ಮೈಕ್ರಾನ್‌ನ ಮೂರು-ನಾಲ್ಕು ಪಟ್ಟು ದಪ್ಪ. ಬೆಂಗಳೂರಿನ ಹುಡುಗ ಚಕ್‌ನಿಂದ (ಲ್ಯಾಥ್‌ನ ಹಿಡಿತದಿಂದ) ಇಳಿದ ಜಾಬನ್ನು, ಅಂದರೆ ಕಡೆದು ಮುಗಿದ ಶಾಫ್ಟನ್ನು, ತಕ್ಷಣ ಅಳೆದ. ಮೈಕ್ರೊಮೀಟರ್ ಹೆಚ್ಚು ತೋರಿಸಿತು. ಆಫ್‌ಸೆಟ್ ಹಾಕಿ, ಅಂದರೆ ಯಂತ್ರದ ಅಳತೆಯ ಸೆಟ್ಟಿಂಗ್ ಬದಲಿಸಿ, ಇನ್ನಷ್ಟು ಲೋಹ ತೆಗೆಯಲು ಹೇಳಿದ. ಸಂಜೆ ನನ್ನ ಕೋಣೆಗೆ ಬಂದ ಹದಿನಾಲ್ಕು ಶಾಫ್ಟ್‌ಗಳೂ ಅಳತೆಗಿಂತ ಕಡಿಮೆ. ಎಲ್ಲವೂ ಸ್ಕ್ರ್ಯಾಪ್.

ಅದೇ ಯಂತ್ರಕ್ಕೆ ರಾತ್ರಿ ಕೊಪ್ಪಳದ ಹುಡುಗ ಬಂದ. ಜಾಬ್ ಇಳಿಸಿ, ಬಟ್ಟೆಯಿಂದ ಒರೆಸಿ, ಕಬ್ಬಿಣದ ಮೇಜಿನ ಮೇಲಿಟ್ಟು ಸುಮ್ಮನೆ ನಿಂತ. ಏಕೆ ಅಳೆಯುತ್ತಿಲ್ಲ ಎಂದು ಕೇಳಿದೆ. "ಜಾಬ್ ಇನ್ನೂ ಬಿಸಿ ಇದೆ ಮೇಡಂ, ಈಗ ಅಳೆದರೆ ಸುಳ್ಳು ಹೇಳುತ್ತದೆ" ಎಂದ. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಉಕ್ಕು ಕಾದರೆ ಹಿಗ್ಗುತ್ತದೆ. ಮೂವತ್ತು ಡಿಗ್ರಿ ಹೆಚ್ಚಿಗೆ ಕಾದ 60 ಮಿಲಿಮೀಟರ್ ಶಾಫ್ಟ್ ಸುಮಾರು 20 ಮೈಕ್ರಾನ್ ಹಿಗ್ಗಿರುತ್ತದೆ. ಟಾಲರೆನ್ಸ್ ಪೂರ್ತಿ ಅಲ್ಲೇ ಮುಗಿಯಿತು.

ಕಾಲೇಜಿಗಿಂತ ಕೈಕೆಲಸ ದೊಡ್ಡದು ಎಂದು ಹೇಳಲು ಈ ಕಥೆ ಹೇಳುತ್ತಿಲ್ಲ. ಮರುದಿನ ಬೆಂಗಳೂರಿನ ಹುಡುಗನನ್ನು ಕರೆದು ಕೇಳಿದಾಗ ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ನಿಮಿಷದೊಳಗೆ ಅದೇ ಲೆಕ್ಕ ಮಾಡಿ ತೋರಿಸಿದ. ಸೂತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಿಸಿ ಜಾಬನ್ನು ಕೈಯಲ್ಲಿ ಹಿಡಿದು ಗೊತ್ತಿರಲಿಲ್ಲ. ಅದು ಅವನ ತಪ್ಪಲ್ಲ. ನಾನು ಬಿಇ ಓದುವಾಗ ಲ್ಯಾಥ್ ಮುಟ್ಟಿದ್ದು ವಾರಕ್ಕೊಂದು ಮಧ್ಯಾಹ್ನ, ಅದೂ ಒಂದು ಯಂತ್ರದ ಸುತ್ತ ಹತ್ತು ಜನ ನಿಂತು. ವಾರ ಕಳೆಯುವುದರೊಳಗೆ ಅವನು ಯಾವ ವ್ಯಾಸಕ್ಕೆ, ಎಷ್ಟು ಬಿಸಿಗೆ ಎಷ್ಟು ಕಳೆಯಬೇಕೆಂದು ಒಂದು ಪಟ್ಟಿ ಮಾಡಿ ಯಂತ್ರದ ಪಕ್ಕ ಅಂಟಿಸಿದ. ಅದನ್ನು ಬಳಸಲು ಎಲ್ಲರಿಗೂ ಹೇಳಿಕೊಟ್ಟವನು ಕೊಪ್ಪಳದವನು. ಕಾಲೇಜು ಇಬ್ಬರಿಗೂ ಏನೋ ಕೊಟ್ಟಿತ್ತು, ಏನೋ ಬಿಟ್ಟಿತ್ತು. ಬಿಟ್ಟುಹೋದದ್ದನ್ನು ಆರು ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದಲ್ಲಿ ಕಲಿಸಿಬಿಡಬಹುದು.

ನನಗೆ ನೋವಿರುವುದು ಮುಂದೆ ನಡೆದದ್ದರ ಬಗ್ಗೆ.

ಹದಿನಾಲ್ಕು ಶಾಫ್ಟ್ ಸ್ಕ್ರ್ಯಾಪ್ ಆದಾಗ ಬೆಳಗಿನ ಸಭೆಯಲ್ಲಿ "ಹೊಸಬ, ಕಲಿಯುತ್ತಾನೆ ಬಿಡಿ" ಎಂದರು. ಎರಡು ತಿಂಗಳ ನಂತರ ಕೊಪ್ಪಳದವನು ಒಂದು ಡ್ರಾಯಿಂಗ್‌ನ ಹಳೆಯ ಆವೃತ್ತಿ ನೋಡಿ ಆರು ಜಾಬ್ ಕೆಡಿಸಿದ. ಅದೇ ಸಭೆ, ಅದೇ ಜನ. "ಅವನ ಕಾಲೇಜು ಗೊತ್ತಲ್ಲ" ಎಂದರು. ಗ್ರಾಹಕರ ಕಡೆಯಿಂದ ಆಡಿಟ್‌ಗೆ ಬಂದಾಗ ಎದುರು ಕೂರಿಸಿದ್ದು ಬೆಂಗಳೂರಿನವನನ್ನು, ಏಕೆಂದರೆ ಅವನ ಇಂಗ್ಲಿಷ್ ಸರಾಗ. ಭಾಗಗಳನ್ನು ನಿಖರವಾಗಿ ಅಳೆಯುವ ಸಿಎಂಎಂ ಯಂತ್ರದ ತರಬೇತಿಗೆ ಒಂದೇ ಸೀಟಿತ್ತು, ಅದೂ ಅವನಿಗೆ. ಕೊಪ್ಪಳದವನು ರಾತ್ರಿ ಪಾಳಿಯಲ್ಲೇ ಉಳಿದ, ಏಕೆಂದರೆ ಅವನಿದ್ದರೆ ರಾತ್ರಿ ನಾವೆಲ್ಲ ನಿಶ್ಚಿಂತೆಯಿಂದ ಮಲಗಬಹುದಿತ್ತು. ಮೂರು ವರ್ಷದ ನಂತರ ಇಬ್ಬರ ಕೆಲಸವನ್ನು ತೂಗಿ ನೋಡಿದರೆ ಸಹಜವಾಗಿಯೇ ಒಬ್ಬನ ಪಟ್ಟಿ ಉದ್ದ, ಇನ್ನೊಬ್ಬನದು ಗಿಡ್ಡ. ಆ ಮೌಲ್ಯಮಾಪನದ ಹಾಳೆಗೆ ಸಹಿ ಹಾಕಿದವಳು ನಾನೇ. "ದೊಡ್ಡ ಕಾಲೇಜಿನವರು ಮುಂದೆ ಬರುತ್ತಾರೆ ನೋಡಿ" ಎಂದು ಮೇಲಿನವರು ಹೇಳಿದಾಗ ತಲೆಯಾಡಿಸಿದವಳೂ ನಾನೇ. ಅವರನ್ನು ಮುಂದೆ ತಳ್ಳಿದ್ದು ನಾವೇ ಅಲ್ಲವೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ ಹುಡುಗ ನಾಲ್ಕನೆಯ ವರ್ಷ ಕೆಲಸ ಬಿಟ್ಟು ಹೋದ.

ಅಮೆರಿಕದ ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಬಹಳ ತಡವಾಗಿ ಓದಿದೆ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರೂ ಬೇರೆ ಕಡೆ ಓದಿದವರ ಗಳಿಕೆಯನ್ನು, ಅಷ್ಟೇ ಜಾಣರಾಗಿ ದೊಡ್ಡ ಕಾಲೇಜಿನಲ್ಲೇ ಓದಿದವರ ಗಳಿಕೆಯ ಪಕ್ಕ ಇಟ್ಟು ನೋಡಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಒಂದು ಗುಂಪನ್ನು ಬಿಟ್ಟು: ಬಡ ಮನೆಗಳಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭವಾಗಿತ್ತು. ಆ ಸಾಲನ್ನು ಎರಡು ಸಲ ಓದಿದೆ. ನಮ್ಮ ದೇಶ ಬೇರೆ, ನಮ್ಮ ಲೆಕ್ಕ ಬೇರೆ, ಒಪ್ಪುತ್ತೇನೆ. ಆದರೂ ನನ್ನ ಕಣ್ಣೆದುರು ಬಂದವನು ಕೊಪ್ಪಳದ ಹುಡುಗ. ಅಪ್ಪನಿಗೋ ಮಾವನಿಗೋ ಕಂಪನಿಯಲ್ಲಿ ಪರಿಚಯವಿರುವ ಮನೆಯ ಮಗನಿಗೆ ಕಾಲೇಜಿನ ಹೆಸರು ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ಅದು ನಿಜಕ್ಕೂ ಬೇಕಾಗಿರುವುದು ಯಾರ ಪರಿಚಯವೂ ಇಲ್ಲದವನಿಗೆ, ಮತ್ತು ಅದು ಸಿಗದೇ ಹೋಗುವುದೂ ಅವನಿಗೇ. ಹದಿನೆಂಟನೆಯ ವಯಸ್ಸಿನಲ್ಲಿ ಬರೆದ 180 ಅಂಕಗಳ ಸಿಇಟಿ ಮತ್ತು ಪಿಯುಸಿ ಅಂಕಗಳು ಸೇರಿ ಕೊಟ್ಟ ರ‍್ಯಾಂಕನ್ನು ಮೂವತ್ತರ ವಯಸ್ಸಿನವರೆಗೂ ಹಣೆಯ ಮೇಲೆ ಹೊತ್ತುಕೊಂಡು ತಿರುಗು ಎಂದರೆ ಅದು ಅನ್ಯಾಯ. ಬೇರೆ ಮೆತ್ತನೆಯ ಪದ ನನಗೆ ತಿಳಿದಿಲ್ಲ.

ಕಾಲೇಜಿನ ಹೆಸರು ನೋಡುವುದರಿಂದ ಸಮಯ ಉಳಿಯುತ್ತದೆ ಎಂದು ನೇಮಕಾತಿಯವರು ಹೇಳುತ್ತಾರೆ. ಎರಡು ಸಾವಿರ ಅರ್ಜಿ ಬಂದರೆ ಜರಡಿ ಬೇಕೇ ಬೇಕು, ನಿಜ. ಆದರೆ ಜರಡಿ ಹಿಡಿದದ್ದು ಬಾಗಿಲಲ್ಲಿ. ಒಳಗೆ ಬಂದ ಮೇಲೂ ಅದೇ ಜರಡಿಯಲ್ಲಿ ಕೆಲಸ ಹಂಚುವುದು ಏಕೆ?

ಈಗ ಇರುವ ಕಡೆ ನನ್ನ ವಿಭಾಗದ ಮಟ್ಟಿಗೆ ಎರಡು ಬದಲಾವಣೆ ಮಾಡಿದ್ದೇನೆ. ಸಂದರ್ಶನದ ದಿನ ಕಾಲೇಜಿನ ಅಂಕಣವನ್ನು ಮುಚ್ಚಿ ಅರ್ಜಿ ಕೊಡಿ ಎಂದು ಕೇಳಿಕೊಂಡಿದ್ದೇನೆ. ಬಂದವರಿಗೆ ಒಂದು ಡ್ರಾಯಿಂಗ್, ಒಂದು ಶಾಫ್ಟ್, ಒಂದು ಮೈಕ್ರೊಮೀಟರ್ ಕೊಟ್ಟು ಇಪ್ಪತ್ತು ನಿಮಿಷ ಬಿಡುತ್ತೇವೆ. ಸೇರಿದ ಮೇಲೆ ಮೊದಲ ವರ್ಷ ಎಲ್ಲರಿಗೂ ಒಂದೇ ಸರದಿ: ರಾತ್ರಿ ಪಾಳಿ, ಸಿಎಂಎಂ ಕೋಣೆ, ಗ್ರಾಹಕರ ಆಡಿಟ್. ಇಂಗ್ಲಿಷ್ ತೊದಲಿದರೂ ಆಡಿಟ್‌ನಲ್ಲಿ ಕೂರಬೇಕು, ಪಕ್ಕದಲ್ಲಿ ನಾನಿರುತ್ತೇನೆ. ಮೂರನೆಯ ಆಡಿಟ್ ಹೊತ್ತಿಗೆ ತೊದಲು ನಿಲ್ಲುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಕಳೆದ ತಿಂಗಳು ಬಂದ ಹುಡುಗಿಯೊಬ್ಬಳು ಶಾಫ್ಟ್ ಮುಟ್ಟುವ ಮೊದಲು ಮೈಕ್ರೊಮೀಟರ್‌ನ ಎರಡು ಮುಖಗಳ ನಡುವೆ ಒಂದು ಹಾಳೆ ಎಳೆದು ಒರೆಸಿದಳು. ಮುಚ್ಚಿ ನೋಡಿದಳು. "ಇದರ ಝೀರೊ ಐದು ಮೈಕ್ರಾನ್ ಹೆಚ್ಚಿದೆ ಮೇಡಂ, ಕಳೆದು ಹೇಳಲೇ?" ಎಂದು ಕೇಳಿದಳು. ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದೆವು. ಕಡತದಲ್ಲಿ ಅವಳ ಕಾಲೇಜಿನ ಹೆಸರು ಓದಿದ್ದು ಆಮೇಲೆ. ನಾನು ಕೇಳಿರದ ಹೆಸರು. ಸೋಮವಾರ ಕೆಲಸಕ್ಕೆ ಸೇರುತ್ತಾಳೆ, ಮೊದಲ ಎರಡು ತಿಂಗಳು ಸಿಎಂಎಂ ಕೋಣೆಯಲ್ಲಿ. ಇದನ್ನು ಇಲ್ಲಿ ಹಾಕಿ, ಆ ತಂದೆಗೆ ಮತ್ತೆ ಫೋನ್ ಮಾಡುತ್ತೇನೆ.